ಕಾಯಿಸಿದ ಹಾಲು

"ಆ ಬಾಟಲಿ ಒಳಗೆ ಕೊಡಬೇಡಿ, ಸ್ವಲ್ಪ ಇರಿ," ಎಂದರು ಡಾಕ್ಟರು.

ಅವಳು ಆಗಷ್ಟೇ ಹಿಂಡಿದ ಹಾಲಿನ ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು. ಹನ್ನೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕಂಡಕ್ಟರ್ ಕೈ ಅವಳದು, ಚೀಟಿ ಸೊಟ್ಟಗಾಗಲಿಲ್ಲ. ಆರೂವರೆ ತಿಂಗಳಿಗೇ ಹುಟ್ಟಿದ ಅವಳಿ ಹೆಣ್ಣುಕೂಸುಗಳು ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿದ್ದವು. ಐದು ವಾರದಿಂದ, ಮೂರು ಗಂಟೆಗೊಮ್ಮೆ ಹಾಲು ಹಿಂಡಿಕೊಡುವುದೊಂದೇ ಅವಳಿಗೆ ದಕ್ಕಿದ್ದ ತಾಯ್ತನ.

"ಚಿಕ್ಕವಳ ರಿಪೋರ್ಟ್ ಬಂತು. ವೈರಸ್ ತಗಲಿದೆ. ಹುಟ್ಟುವಾಗ ಇರಲಿಲ್ಲ. ನಿಮ್ಮ ಹಾಲಿನಿಂದ ಬಂದಿದೆ."

ಮಾತು ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಎರಡು ದಿನದಿಂದ ಚಿಕ್ಕವಳು ಬೂದಿ ಬಣ್ಣಕ್ಕೆ ತಿರುಗಿ, ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದಳು.

ಪಕ್ಕದಲ್ಲಿದ್ದ ಅವಳ ತಾಯಿ, ಕೂಸುಗಳ ಅಜ್ಜಿ, ಸುಮ್ಮನಿರಲಿಲ್ಲ. "ಏನ್ ಮಾತು ಅಂತ ಆಡ್ತೀರಿ ಡಾಕ್ಟ್ರೇ? ನನ್ನ ಹಾಲು ಕುಡಿದೇ ಇವಳು ಇಷ್ಟುದ್ದ ಬೆಳೆದದ್ದು!"

"ಅಮ್ಮಾ, ಈ ವೈರಸ್ ನಿಮ್ಮಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ನಮಗೇನೂ ಮಾಡಲ್ಲ. ದಿನ ತುಂಬಿದ ಮಕ್ಕಳಿಗೂ ಸಾಮಾನ್ಯವಾಗಿ ಏನೂ ಆಗಲ್ಲ. ಇವು ತೀರಾ ಎಳೆಯವು. ಯಾರ ತಪ್ಪೂ ಅಲ್ಲ."

"ದೊಡ್ಡವಳು?" ಎಂದಳು ಅವಳು.

"ಅವಳಿಗೆ ತಗಲಿಲ್ಲ. ಇನ್ಮೇಲೆ ನಿಮ್ಮ ಹಾಲನ್ನ ಮೆಷಿನ್‌ನಲ್ಲಿ ಕಾಯಿಸಿ ಕೊಡ್ತೀವಿ. ವೈರಸ್ ಸಾಯುತ್ತೆ. ಹಿಂಡೋದು ಮಾತ್ರ ನಿಲ್ಲಿಸಬೇಡಿ."

ಅವಳು ತಲೆಯಾಡಿಸಿದಳು. ಬಾಟಲಿ ಇನ್ನೂ ಬೆಚ್ಚಗಿತ್ತು. ಅದನ್ನು ಮೇಜಿನ ಮೇಲಿಟ್ಟು ಹಾಲು ಹಿಂಡುವ ಪಂಪ್ ತೊಳೆಯಲು ಹೋದಳು. ತೊಳೆದದ್ದನ್ನೇ ಮೂರು ಸಲ ತೊಳೆದಳು. ತಾಯಿ ಹಿಂದೆಯೇ ಬಂದು, "ಅತ್ತುಬಿಡೇ, ಹಗುರ ಆಗುತ್ತೆ," ಎಂದರೆ, "ಗಂಟೆ ಎಷ್ಟಾಯ್ತು ನೋಡಮ್ಮ," ಎಂದಳು.

ಚಿಕ್ಕವಳಿಗೆ ಔಷಧಿ ಶುರುವಾಯಿತು. ಎರಡು ಸಲ ರಕ್ತಕಣ ಏರಿಸಿದರು. ಒಂಬತ್ತನೇ ದಿನ ಮೈಬಣ್ಣ ಮರಳಿತು.

"ಗಂಡಾಂತರ ಕಳೀತು. ಈ ವೈರಸ್‌ನಿಂದ ಮುಂದೆ ಕಿವಿ ಮಂದ ಆಗಬಹುದು, ಅದನ್ನ ಮಾತ್ರ ಆಗಾಗ ಪರೀಕ್ಷೆ ಮಾಡಿಸ್ತಾ ಇರಬೇಕು," ಎಂದರು ಡಾಕ್ಟರು. ತಾಯಿ ಕಣ್ಣೊರೆಸಿಕೊಂಡರು. ಅವಳು ಆಗಲೂ ತಲೆಯಾಡಿಸಿದಳು, ಅಷ್ಟೇ.

ಅಂದು ಮಧ್ಯಾಹ್ನ ನರ್ಸ್ ಅವಳ ಕೈಗೇ ಸಿರಿಂಜ್ ಕೊಟ್ಟಳು. ಕಾಯಿಸಿ ಆರಿಸಿದ ಅವಳದೇ ಹಾಲು, ಐದು ಎಂ.ಎಲ್. "ಎತ್ತಿ ಹಿಡ್ಕೊಳ್ಳಿ. ತಾನೇ ಇಳಿಯುತ್ತೆ."

ಹಾಲು, ಹೊಟ್ಟೆಯವರೆಗೆ ಇಳಿಬಿಟ್ಟಿದ್ದ ಸಣ್ಣ ನಳಿಕೆಯಲ್ಲಿ ಬೆಳ್ಳಗೆ ಇಳಿದು ಚಿಕ್ಕವಳ ಮೂಗಿನೊಳಗೆ ಮರೆಯಾಯಿತು. ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

"ಮುಗೀತಲ್ಲಾ, ಕೈ ಇಳಿಸಿ," ಎಂದಳು ನರ್ಸ್.

ಖಾಲಿ ಸಿರಿಂಜನ್ನು ಅವಳು ಎತ್ತಿಯೇ ಹಿಡಿದಿದ್ದಳು.