ಬೆನ್ನು ಹಾಕಿದ ಬೆಕ್ಕುಗಳು

ಸಹೃದಯ ಓದುಗರೇ, ಶ್ರಾವಣದ ಮಳೆ ನಿಂತ ಮರುಗಳಿಗೆಯ ಬೀದರನ್ನು ಕಂಡಿದ್ದೀರಾ? ಮೇಘಮಾಲೆಯ ಅಂಚಿನಿಂದ ಜಾರಿದ ಸುವರ್ಣಕಿರಣಗಳು ಕೋಟೆಯ ಬುರುಜುಗಳನ್ನು ತೊಳೆದು, ಚೌಬಾರದ ಗೋಪುರವನ್ನು ಸವರಿ, ಓಣಿಯ ಕೆಂಪು ನೀರಿನಲ್ಲೆಲ್ಲ ಚೂರುಚೂರಾಗಿ ಹೊಳೆಯುವ ಆ ಹೊತ್ತು... ಆಹಾ! ಅಂಥ ಹೊತ್ತಿನಲ್ಲೂ ಸರ್ದಾರ ಚಾಚಾನ ಬಿದರಿ ಕಾರ್ಖಾನೆಯೊಳಗೆ ಕುಳಿತ ಜುನೈದ ತಲೆ ಎತ್ತಿ ಹೊರಗೆ ನೋಡಿರಲಿಲ್ಲ.

ಅವನ ಫುಫು, ಅಂದರೆ ಸೋದರತ್ತೆ ಖೈರುನ್ನಿಸಾ, ಭಾಲ್ಕಿಯಲ್ಲಿ ಚಿತ್ರಕಲೆ ಕಲಿಸುವ ಸಾಯಿಮಾಳ ಮನೆಗೆ ಮದುವೆಯ ಪೈಗಾಮ ಒಯ್ದಿದ್ದಳು. ಮಗಳ ಮಾತೇ ನಮ್ಮ ಮಾತು ಎಂದಿದ್ದರು ತಂದೆ. ಇಂದು ಸಂಜೆ ಅತ್ತೆ ಉತ್ತರ ಕೇಳಲು ಹೋಗಬೇಕು. ಆದರೆ 'ಬೇಡ' ಎಂಬ ಉತ್ತರ ಆಗಲೇ ಬಂದಾಯಿತೆಂದು ಈ ಹುಚ್ಚನ ಅಳುಕು! ನಾಳೆಯ ಪ್ರದರ್ಶನಕ್ಕೆಂದು ಇಬ್ಬರೂ ಸೇರಿ, ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ರೀತಿಯಲ್ಲಿ, ಅಕ್ಕಪಕ್ಕ ಇಡುವ ಎರಡು ಹಾಳೆಗಳ ಒಂದು ಚಿತ್ರಕ್ಕೆ ಕೈಹಾಕಿದ್ದರು. ಎಡದ ಅಚ್ಚು ಅವಳದು, ಬಲದ್ದು ಇವನದು. ಕಿಟಕಿಯಲ್ಲಿ ಮುದುಡಿ ಕುಳಿತು ಲೋಕವನ್ನೇ ಮರೆತ ಆ ಜಪಾನಿ ಬೆಕ್ಕುಗಳ ಮೋಹ ಇಬ್ಬರಿಗೂ ಹತ್ತಿತ್ತು. ಆದರೆ ಸಾಯಿಮಾ ಬರೆದುಕೊಟ್ಟ ನಕ್ಷೆಯಲ್ಲಿ ಎರಡು ಬೆಕ್ಕುಗಳೂ ಒಂದಕ್ಕೊಂದು ಬೆನ್ನು ಹಾಕಿ ಕುಳಿತಿದ್ದವು...

ಇನ್ನೂ ಕೆತ್ತದ ತನ್ನ ಹಲಗೆಯನ್ನು ಎದೆಗವಚಿಕೊಂಡು ಸಾಯಿಮಾ ಒಳಗೆ ಬಂದಳು. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಚಾಚಾ ಸಲಾಮಿಗೆ ಮರುಸಲಾಮು ಹೇಳಿದ.

"ನಿಮ್ಮ ಬೆಕ್ಕ ತಯಾರ ಆಯ್ತೇನ್ರಿ?"

"ಆಗ್ಯಾದರಿ. ನಿಮ್ಮ ಮುಂದನ ಛಾಪಸ್ತೇನಿ."

ಜುನೈದ ಹಲಗೆಗೆ ಮಸಿ ಸವರಿದ, ಹಾಳೆ ಹಾಸಿದ, ಉಜ್ಜಿದ, ಮೆಲ್ಲಗೆ ಎತ್ತಿದ. ಬಲಕ್ಕೆ ನೋಡಬೇಕಾದ ಬೆಕ್ಕು ಎಡಕ್ಕೆ ತಿರುಗಿ ಕುಳಿತಿತ್ತು. ಬಿದರಿ ಪಾತ್ರೆಯ ಮೇಲೆ ಹೇಗೆ ಕೆತ್ತಿದರೆ ಹಾಗೆಯೇ ಕಾಣುತ್ತದೆ. ಮರದಚ್ಚಿನಲ್ಲಿ ಎಲ್ಲವೂ ತಿರುವುಮುರುವು. ಅದಕ್ಕೇ ನಕ್ಷೆಯನ್ನು ಹಲಗೆಗೆ ಬೋರಲು ಅಂಟಿಸಿ ಕೆತ್ತಬೇಕು. ಬಾಲ್ಯದಿಂದ ಬಿದರಿಗೆ ಪಳಗಿದ ಕೈ, ಅದರ ಮೇಲೆ ನೊಂದ ಮನಸ್ಸು... ನೇರವಾಗಿಯೇ ಅಂಟಿಸಿಬಿಟ್ಟಿತ್ತು.

"ಹಾಯ್ ಅಲ್ಲಾ! ಉಲ್ಟಾ ಆಯ್ತಲ್ರಿ... ಮಾಫ್ ಮಾಡ್ರಿ, ಹೊಸಾದು ಕೆತ್ತತೇನಿ."

ಸಾಯಿಮಾ ಹತ್ತಿರ ಬಂದಳು. ಆ ಹಾಳೆಯ ಎಡಕ್ಕೆ ತನ್ನ ಪಾಲಿನ ಬೆಕ್ಕಿನ ನಕ್ಷೆಯನ್ನಿಟ್ಟು ಬಹಳ ಹೊತ್ತು ನೋಡಿದಳು. ಜುನೈದನ ಬೆಕ್ಕು ಅವಳ ಬೆಕ್ಕಿನ ಬೆನ್ನನ್ನೇ ನೋಡುತ್ತಿತ್ತು, ಕರೆಯಲಾರದೆ ಕಾಯುವವರ ಹಾಗೆ.

"ಬೆನ್ನು ಯಾಕ ಮಾಡಿಸಿದ್ರಿ?" ಜುನೈದ ಕೊನೆಗೂ ಕೇಳಿಬಿಟ್ಟ.

"ಎದುರುಬದುರು ಕೂಡಿಸೋ ಧೈರ್ಯ ನನಗ ಎಲ್ಲಿತ್ತರಿ?" ಎಂದಳು, ತಲೆ ಎತ್ತದೆ. "ನಿಮ್ಮ ಬೆಕ್ಕ ಮೊದಲ ಹೊಳ್ಳಿ ನೋಡ್ತು."

ಎಂದವಳೇ ತನ್ನ ಹಲಗೆಗೆ ಅಂಟು ಸವರಿದಳು. ನಕ್ಷೆಯನ್ನೆತ್ತಿ, ಬೋರಲು ಅಲ್ಲ, ನೇರವಾಗಿಯೇ ಅಂಟಿಸಿದಳು! ತಪ್ಪು ತಪ್ಪೆಂದು ಬಲ್ಲ ಬೆರಳುಗಳು ಎಷ್ಟು ನಿಧಾನವಾಗಿ ಸುಕ್ಕು ತೀಡಿದವು... ಜುನೈದನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಚ್ಚಿನಲ್ಲಿ ಅವಳ ಬೆಕ್ಕೂ ಇತ್ತ ತಿರುಗಲಿದೆಯೆಂದು ಅರ್ಥವಾದದ್ದೇ ತಡ, ಕೈಯಲ್ಲಿದ್ದ ಮಸಿಯ ಬಟ್ಟಲು ನೆಲದ ಪಾಲಾಯಿತು!

"ಫುಫುಗ ಹೇಳ್ರಿ," ಎಂದಳು ಸಾಯಿಮಾ, ಉಳಿಯನ್ನು ಕೈಗೆ ತೆಗೆದುಕೊಳ್ಳುತ್ತ, "ಜವಾಬ ಕೇಳ್ಲಾಕ ಬರೋದು ಬ್ಯಾಡ. ಮಿಠಾಯಿ ತಗೊಂಡ ಬರ್ಲಿ."

ಬಾಗಿಲಲ್ಲಿ ಚಾಚಾನಿಗೆ ಚಹಾ ನೆತ್ತಿಗೇರಿತು.

ಓದುಗರೇ, ಮನುಷ್ಯರ ಒಲವು ಎಷ್ಟೋ ಸಲ ಹೀಗೆ ನಾಚಿ, ಬೆನ್ನು ಹಾಕಿಯೇ ಕುಳಿತಿರುತ್ತದೆ... ಒಬ್ಬರು ಮೈಮರೆತು ತಿರುಗಿದರೆ, ಇನ್ನೊಬ್ಬರು ಬೇಕೆಂತಲೇ ತಿರುಗುತ್ತಾರೆ!