ಸೂಜಿ ಎತ್ತಿದ ಹೊತ್ತು

ಒರೆಸುವ ಬಟ್ಟೆಗೆ ಧೂಳು ಅಂಟುತ್ತಿದೆ, ಇಷ್ಟೊಂದು ಧೂಳು ಯಾವಾಗ ಕೂತಿತು, ನಾಲ್ಕು ತಿಂಗಳು, ಹೌದಲ್ಲ, ನಾಲ್ಕು ತಿಂಗಳಿಂದ ಈ ಕೋಣೆಯ ಕದವನ್ನೇ ತೆಗೆದಿಲ್ಲ, ಕಿಟಕಿಯಿಂದ ಬಿದ್ದ ಬೆಳಗಿನ ಬಿಸಿಲಿನಲ್ಲಿ ಕಣಗಳು ಏಳುತ್ತವೆ, ಸುತ್ತುತ್ತವೆ, ಮತ್ತೆ ಬಂದು ಅಲ್ಲೇ ಕೂರುತ್ತವೆ — ಷಣ್ಮುಖಪ್ಪ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲಿನ ಮುಚ್ಚಳ ಒರೆಸುತ್ತ ನಿಂತಿದ್ದಾನೆ, ಒರೆಸಿದ್ದನ್ನೇ ಒರೆಸುತ್ತಿದ್ದಾನೆ, ಹಿಂದೆ ಕುರ್ಚಿಯಲ್ಲಿ ಹೆಂಡತಿ ಹೇಮಾವತಿ ಕೂತಿದ್ದಾಳೆ, ತಿರುಗಿ ನೋಡಬೇಕಿಲ್ಲ, ಅವಳು ಕೂತಿರುವುದು ಬೆನ್ನಿಗೇ ಗೊತ್ತಾಗುತ್ತಿದೆ. ಎಲ್ಲ ಆ ಉಷಾರಾಣಿಯಿಂದ ಆದದ್ದು, ಹೊನ್ನಾಳಿಯಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಲಕ್ವ ಹೊಡೆದ ಹೇಮಾವತಿಯ ಕೈಕಾಲಿಗೆ ವ್ಯಾಯಾಮ ಮಾಡಿಸಿ ಹೋಗುವ ಹುಡುಗಿ, ಈಗಷ್ಟೇ ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತು, ಸರ್, ಅಮ್ಮಾರಿಗೆ ಹಾಡು ಗೀಡು ಕೇಳಿಸ್ರಿ, ಮಾತು ಬೇಗ ತಿರುಗ್ತೈತೆ, ಅಷ್ಟು ದೊಡ್ಡ ಮಿಷನ್ ಐತಂತಲ್ಲ ನಿಮ್ಮನೇಲಿ, ಸುಮ್ನೆ ಯಾಕ್ ಮುಚ್ಚಿಟ್ಟೀರಿ, ಅಂದಳು. ಆಗ್ಲಮ್ಮ, ನಾಳೆ ನೋಡಾನ, ಅಂದ. ನಾಳೆ ಅನ್ನುವುದು ಎಷ್ಟು ಒಳ್ಳೆಯ ಮಾತು, ನಾಲ್ಕು ತಿಂಗಳಿಂದ ಅದೇ ಮಾತಿನ ಮೇಲೆ ಬದುಕಿದ್ದಾನೆ, ಆದರೆ ಹೇಮಾವತಿ ಎಡಗೈ ಎತ್ತಿ ಈ ಕದವನ್ನೇ ತೋರಿಸಿದಳು, ಈಗ್ಲೇ, ಅಂದಳು, ನಾಲಿಗೆ ತೊಡರಿತು, ಆದರೂ ಈಗ್ಲೇ ಅಂತಲೇ ಅಂದಳು.

ತೋಳು ಕೊಟ್ಟರೆ ಬೇಡ ಅಂತ ತಲೆಯಾಡಿಸಿದಳು, ಕೋಲು ಊರಿಕೊಂಡು ತಾನೇ ಬಂದಳು, ಟಕ್, ಸರ್ರ್, ಟಕ್, ಸರ್ರ್, ಬಲಗಾಲು ಮೊಸಾಯಿಕ್ ನೆಲದ ಮೇಲೆ ಎಳೆದುಕೊಂಡು ಬರುವ ಆ ಸದ್ದು — ಈ ಮನೆಯಲ್ಲಿ ಇಪ್ಪತ್ತು ವರ್ಷ ಅವಳ ಹೆಜ್ಜೆ ಯಾರಿಗೂ ಕೇಳಿಸಿರಲಿಲ್ಲ, ಕೇಳಿಸದ ಹಾಗೆ ಮಾಡಿದವನು ತಾನೇ, ಮೆಲ್ಲಕೆ ನಡಿಯೇ, ನೆಲ ಅದುರಿದ್ರೆ ಸೂಜಿ ಹಾರ್ತೈತೆ, ಗೀರು ಬೀಳ್ತೈತೆ ರೆಕಾರ್ಡಿಗೆ, ಅಂತ ದಿನಕ್ಕೊಮ್ಮೆ ಹೇಳಿ ಹೇಳಿ, ನ್ಯಾಮತಿ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಕಂಪನದ ಪಾಠ ಮಾಡಿದ ಹಾಗೆ ಹೆಂಡತಿಗೂ ಪಾಠ ಮಾಡಿ, ಅವಳು ಮುಂಗಾಲಲ್ಲಿ ನಡೆಯುವುದು ಕಲಿತಳು, ತುಂಬಿದ ಕೊಡ ಹೊತ್ತವಳ ಹಾಗೆ, ಮನೆಗೆ ಬಂದವರು, ಏನ್ ಮೇಷ್ಟ್ರೇ, ಅಮ್ಮಾರು ಬಂದಿದ್ದೇ ಗೊತ್ತಾಗ್ಲಿಲ್ವಲ್ಲ, ಅಂದರೆ ಇವನಿಗೆ ಹೆಮ್ಮೆ, ಥೂ, ಹೆಮ್ಮೆಪಡುತ್ತಿದ್ದ! ಈ ಕಿಟಕಿಯ ಕೆಳಗೆ ಮೊದಲು ಅವಳ ಹೊಲಿಗೆ ಯಂತ್ರ ಇತ್ತು, ಅಕ್ಕಪಕ್ಕದ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು, ತುಳಿದರೆ ಗೋಡೆಯೆಲ್ಲ ಗುಂಯ್ ಅನ್ನುತ್ತದೆ ಅಂತ ಅದನ್ನು ಅಡಿಗೆಮನೆಯ ಹಿಂದಿನ ಸಂದಿಗೆ ಸಾಗಿಸಿದ, ಅಲ್ಲಿ ಬೆಳಕು ಸಾಲದು ಕಣ್ರೀ, ಅಂತ ಒಂದೇ ಒಂದು ಸಲ ಅಂದಳು, ಎರಡನೇ ಸಲ ಅನ್ನಲಿಲ್ಲ, ಅವಳು ಯಾವುದನ್ನೂ ಎರಡನೇ ಸಲ ಅನ್ನುವವಳಲ್ಲ. ಯಂತ್ರ ಇದ್ದ ಜಾಗಕ್ಕೆ ಕಡಪದ ಕಲ್ಲು ಬಂತು, ಕಲ್ಲಿನ ಕೆಳಗೆ ಮರಳು ತುಂಬಿದ ಪೆಟ್ಟಿಗೆ ಬಂತು, ಗೋಡೆಗೆ ಸ್ಪಂಜು, ಕದಕ್ಕೆ ರಬ್ಬರು, ಎದೆಮಟ್ಟದ ಎರಡು ಸ್ಪೀಕರು, ಮತ್ತು ಆ ವಾಲ್ವ್ ಆಂಪ್ಲಿಫೈಯರು, ಗಾಜಿನ ಬುರುಡೆಗಳು ಒಂದೊಂದಾಗಿ ಕೆಂಪೇರುವುದನ್ನು ನೋಡುತ್ತ ಕೂತರೆ ಸಾಕು, ಹಾಡು ಶುರುವಾಗುವ ಮೊದಲೇ ಮನಸ್ಸು ತಣ್ಣಗಾಗುತ್ತಿತ್ತು.

ಸುಖ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಇರುವ ಸುಳ್ಳೇ ಸಾಕು. ಜಗಳೂರಿನ ಗುಜರಿ ಅಂಗಡಿಯ ಕೆಂಚೇಶ್ ಫೋನು ಮಾಡಿ, ಸರ್, ಹಾಡಿನ ತಟ್ಟೆ ಸಿಕ್ಕಾವೆ, ಒಂದು ಚೀಲ ಐತೆ, ಬರ್ರಿ, ಅಂದ ದಿನ ಕಾಲೇಜಿಗೆ ರಜೆ ಹಾಕಿ ಹೋಗಿದ್ದ, ಜಗಳೂರಲ್ಲೇ ಟೀಚರಾಗಿರುವ ಮಗಳು ಚೈತ್ರಶ್ರೀಯ ಮನೆಗೂ ಹೋಗದೆ ಚೀಲದ ಮುಂದೆ ಕೂತುಬಿಟ್ಟಿದ್ದ, ಹತ್ತಿಬೀಜದ ವಾಸನೆಯ ಆ ಚೀಲದ ತಳದಲ್ಲಿ ಸಿಕ್ಕಿದ್ದೇ ಆ ವಚನದ ರೆಕಾರ್ಡು, ಹೊದಿಕೆಯಿಲ್ಲ, ಹಾಡಿದವಳ ಹೆಸರು ಅರ್ಧ ಕಿತ್ತುಹೋಗಿದೆ, ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗಲೂ ಕೆಳಗಿಡದೆ ಹಸುಗೂಸಿನ ಹಾಗೆ ಎದೆಗವಚಿ ಚನ್ನಗಿರಿಗೆ ತಂದ, ತೊಳೆದ, ಒಣಗಿಸಿದ, ಹಾಕಿದ — ಆ ಹೆಂಗಸು ಸಾಲು ಎತ್ತಿಕೊಳ್ಳುವ ಮೊದಲು ಎಳೆದುಕೊಂಡ ಉಸಿರು ಕೇಳಿಸಿತು, ತುಟಿ ಬಿಡಿಸಿದ್ದು ಕೇಳಿಸಿತು, ಬಳೆ ತಂಬೂರಿಗೆ ತಾಕಿದ್ದು ಕೇಳಿಸಿತು, ಹೇಮಾ, ಬಾರೇ ಇಲ್ಲಿ, ಬಳೆ ಸದ್ದು ಕೇಳು, ಅಂತ ಕೂಗಿದ್ದ, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತು ಕೇಳಿ, ಹೌದಲ್ರೀ, ಪಾಪ, ಗಾಜಿನ ಬಳೆ, ಅಂದು ಒಲೆ ಮೇಲೆ ಹಾಲಿದೆ ಅಂತ ಮುಂಗಾಲಲ್ಲಿ ಹೋದಳು. ಯಾರೋ ಎಲ್ಲೋ ಯಾವತ್ತೋ ಹಾಡಿದವಳ ಬಳೆ ಕೇಳಿಸಿತು ನಿನಗೆ. ಬಳೆ ಕೇಳಿಸಿತು.

ನಾಲ್ಕು ತಿಂಗಳ ಹಿಂದೆ, ಅವತ್ತು ಶನಿವಾರ, ಹತ್ತೂವರೆ, ಮಧ್ಯಾಹ್ನ ಮಗಳು ಬರುವವಳಿದ್ದಳು, ಅವಳಿಗೆ ಕಟ್ಟಿಕೊಡಲು ಅಂತ ಹೇಮಾವತಿ ಇನ್ನೂ ರೊಟ್ಟಿ ತಟ್ಟುತ್ತಿದ್ದಳು, ಕದ ಮುಚ್ಚಿದರೂ ಪಟ್ ಪಟ್ ಪಟ್ ಅಂತ ಸಣ್ಣಗೆ ಕೇಳುತ್ತಿತ್ತು, ಇನ್ನೂ ಎಷ್ಟು ತಟ್ತಾಳಪ್ಪ ಇವಳು ಅಂತ ಬೇಸರದಲ್ಲೇ ಸೂಜಿ ಇಳಿಸಿದ, ನಾಲ್ಕೈದು ನಿಮಿಷ ಆಗಿರಬೇಕು, ಆ ಹೆಂಗಸು ಮೇಲಿನ ಸ್ವರಕ್ಕೆ ಹೋಗಿ ನಿಂತಿದ್ದಳು, ಧಬ್. ಒಂದೇ ಒಂದು ಸದ್ದು, ಮಂದ್ರದಲ್ಲಿ, ತುಂಬಿದ ಮೂಟೆ ಜಾರಿದ ಹಾಗೆ. ರೆಕಾರ್ಡಿನಲ್ಲೇ ಇದೆಯೇ, ಅಚ್ಚಿನ ದೋಷವೇ, ಎದ್ದು ಸೂಜಿ ಎತ್ತಿದ, ಅದೇ ಸಾಲಿನ ಹಿಂದಕ್ಕೆ ಇಟ್ಟ, ಕಿವಿಯನ್ನು ಸ್ಪೀಕರಿಗೇ ಕೊಟ್ಟ, ಸಾಲು ಬಂತು, ಮೇಲಿನ ಸ್ವರ ಬಂತು, ಸದ್ದು ಬರಲಿಲ್ಲ. ಮತ್ತೆ ಎತ್ತಿದ, ಮತ್ತೆ ಇಟ್ಟ, ಬರಲಿಲ್ಲ. ಮೂರನೇ ಸಲ ಎತ್ತಿದ — ಎತ್ತಿದ ಸೂಜಿಯನ್ನು ಬೆರಳಲ್ಲೇ ಹಿಡಿದು ನಿಂತ, ಕೋಣೆ ನಿಶ್ಶಬ್ದ, ಪಟ್ ಪಟ್ ಕೂಡ ಇಲ್ಲ, ಸದ್ಯ, ರೊಟ್ಟಿ ಮುಗೀತು, ಅಂದುಕೊಂಡ. ಹಾಗೇ ಅಂದುಕೊಂಡ, ಇದೇ ಮಾತಿನಲ್ಲಿ, ಸದ್ಯ ಅಂತ. ಅಷ್ಟೇ ಅಲ್ಲ, ಇನ್ನೊಂದನ್ನೂ ಅಂದುಕೊಂಡ, ಸದ್ದು ರೆಕಾರ್ಡಿನದಲ್ಲ, ಹಾಗಾದರೆ ಮನೆಯದು, ಏನೋ ಬಿದ್ದಿದೆ, ಹೋಗಿ ನೋಡಬೇಕೇ, ನೋಡಿದರೆ ಓಟ ತಪ್ಪುತ್ತದೆ, ಈ ಬದಿ ಮುಗಿಯಲಿ. ಈ ಬದಿ ಮುಗಿಯಲಿ ಅಂದುಕೊಂಡು ಸೂಜಿ ಇಳಿಸಿದ, ಕೂತ, ಕಣ್ಣು ಮುಚ್ಚಿದ. ಆಮೇಲೆ ಸುಟ್ಟ ವಾಸನೆ, ಕದದ ಸಂದಿಯಿಂದ ಸಣ್ಣಗೆ, ತಟ್ಟನೆ ಎದ್ದವನು ಎಲ್ಲಿಗೆ ಹೋದ, ಆಂಪ್ಲಿಫೈಯರ್ ಹತ್ತಿರ ಹೋದ, ಬಗ್ಗಿ ಮೂಸಿ ನೋಡಿದ, ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟು ನೋಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ಏನೂ ಆಗಿಲ್ಲ, ಸದ್ಯ, ಮತ್ತೆ ಕೂತ. ಬದಿ ಮುಗಿಯಿತು. ಸೂಜಿ ತಾನಾಗಿ ಒಳಸುತ್ತಿಗೆ ಬಂದು ಟಿಕ್, ಟಿಕ್ ಅಂದಾಗ ಎದ್ದು ಕದ ತೆಗೆದರೆ ಹೊಗೆ, ಹೆಂಚಿನ ಮೇಲೆ ಕರಿ ರೊಟ್ಟಿ, ನೆಲದ ಮೇಲೆ ಹೇಮಾವತಿ, ಒಂದು ಕಣ್ಣು ತೆರೆದಿದೆ, ಬಲಗೈ ಬೆರಳ ತುಂಬ ಜೋಳದ ಹಿಟ್ಟು.

ಎಷ್ಟೊತ್ತಿಗೆ ಆಯ್ತು ಸರ್, ಕರೆಕ್ಟಾಗಿ ಹೇಳಿ, ಟೈಮ್ ಮುಖ್ಯ, ಅಂತ ದಾವಣಗೆರೆಯ ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು, ಹತ್ತು ಮೂವತ್ತೈದಕ್ಕೆ ಅನ್ನುವುದು ಬಾಯಿಗೆ ಬಂದಿತ್ತು, ಹತ್ತು ಮೂವತ್ತೈದಕ್ಕೆ ಅಂದರೆ, ನಿಮಗೆ ಹೆಂಗೆ ಗೊತ್ತು ಅಂತ ಕೇಳುತ್ತಾರೆ, ಅದಕ್ಕೆ, ಹತ್ತೂವರೆಗೆ ಚೆನ್ನಾಗೇ ಇದ್ಲು, ಆಮೇಲೆ ನಾನು ರೂಮಲ್ಲಿದ್ದೆ, ಬಾಗಿಲು ಹಾಕಿತ್ತು, ಏನೂ ಕೇಳಿಸ್ಲಿಲ್ಲ, ಹೊರಗೆ ಬಂದಾಗ ಹನ್ನೊಂದು ಗಂಟೆ, ಅಂದ. ಲೆಕ್ಕಕ್ಕೆ ಮೋಸವಾಗಲಿಲ್ಲ, ಅದೇ ಹತ್ತೂವರೆ ಹಿಡಿದು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ಟೈಮಿಗೆ ತಂದಿದೀರಿ, ಅಂದರು. ಪಕ್ಕದ ಮನೆ ಪಾಲಣ್ಣ, ತನ್ನ ಕಾರಿನಲ್ಲಿ ಹೆಡ್‌ಲೈಟು ಹಾಕಿಕೊಂಡು ಓಡಿಸಿದವನು, ಊರಿಗೆ ಬಂದು ಹೋಟೆಲಿನಲ್ಲಿ, ಬೀದಿಯಲ್ಲಿ, ಹೋದಲ್ಲೆಲ್ಲ, ಮೇಷ್ಟ್ರು ಮನೇಲಿದ್ದಿದ್ದಕ್ಕೆ ಅಮ್ಮ ಉಳದ್ರು ಕಣಪ್ಪ, ಹೊತ್ಕಂಡು ಓಡ್ಬಂದ್ರು ಮಗು ಹೊತ್ಕಂಡಂಗೆ, ಅಂತ ಸಾರಿದ, ಎದುರು ಸಿಕ್ಕವರೆಲ್ಲ ನಿಂತು ಕೈಮುಗಿದರು, ಇವನೂ ಕೈಮುಗಿದ. ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಪ್ಪಾ, ನೀನೇನು ಮಾಡಾಕೆ ಆಗ್ತಿತ್ತು, ಆ ರೂಮಲ್ಲಿದ್ರೆ ಹೊರಗೆ ಬಾಂಬ್ ಬಿದ್ರೂ ಕೇಳಲ್ಲ, ಅಂತ ಬೆನ್ನು ಸವರಿದಳು, ಆ ಕೈಯನ್ನು ತಳ್ಳಬೇಕಿತ್ತು, ಕೇಳಿಸಿತ್ತು ಕಣವ್ವಾ, ಮೂರು ಸಲ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡೆ, ಅನ್ನಬೇಕಿತ್ತು, ಅನ್ನಲಿಲ್ಲ. ಬದಲಿಗೆ ಹೇಮಾವತಿಗೆ ತಲೆ ಬಾಚಿದ, ಹಲ್ಲುಜ್ಜಿಸಿದ, ಗಂಜಿ ಕುಡಿಸಿದ, ಜಡೆ ಹೆಣೆಯುವುದು ಕಲಿತ, ಕಕ್ಕಸಿಗೆ ಕರೆದೊಯ್ದ, ಇಂಥ ಗಂಡ ಸಿಗಬೇಕಲ್ಲ ಅಂತ ಬಂದ ಹೆಂಗಸರು ಕಣ್ಣೊರೆಸಿಕೊಂಡರು, ಮತ್ತು ಮಾತು ಹೋದ ಹೇಮಾವತಿ ದಿಂಬಿಗೆ ಒರಗಿ ಇವನನ್ನೇ ನೋಡುತ್ತಿದ್ದಳು, ಆ ನೋಟದಲ್ಲಿ ಸಿಟ್ಟು ಹುಡುಕಿದ, ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವಳಿಗೆ ನೆನಪಿಲ್ಲ, ಬಿದ್ದ ಮೇಲಿನದು ನೆನಪಿರುವುದಿಲ್ಲ ಅಂತ ಡಾಕ್ಟರೇ ಅಂದಿದ್ದಾರೆ, ಆ ಒಂದು ಮಾತನ್ನು ದಿನಾ ರಾತ್ರಿ ಗುಳಿಗೆಯ ಹಾಗೆ ನುಂಗಿ ಮಲಗಿದ್ದಾನೆ.

ರೀ. ಹಿಂದಿನಿಂದ ಕರೆಯುತ್ತಿದ್ದಾಳೆ. ಬಟ್ಟೆ ಕೆಳಗಿಟ್ಟ. ಯಾವ್ದು ಹಾಕ್ಲಿ, ಪಿಟೀಲು ಹಾಕ್ಲಾ, ಕೊಳಲು ಐತೆ, ನಿಂಗೆ ಇಷ್ಟ ಅಲ್ವ ಕೊಳಲು, ಅಂದ, ಧ್ವನಿ ಯಾಕೋ ಅಂಗಡಿಯವನ ಧ್ವನಿಯಂತೆ ಕೇಳಿಸಿತು. ತಲೆಯಾಡಿಸಿದಳು. ಅವತ್ತಿಂದು, ಅಂದಳು. ಯಾವತ್ತಿಂದು ಹೇಮಾ. ನಾನು ಬಿದ್ದ ದಿನದ್ದು, ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಟ್ಟಳು, ಹೆಂಗಸು ಹಾಡ್ತಾಳಲ್ಲ, ಬಳೆ. ನಾಲ್ಕು ತಿಂಗಳಿಂದ ಆ ರೆಕಾರ್ಡು ಟರ್ನ್‌ಟೇಬಲ್ಲಿನ ಮೇಲೇ ಇದೆ, ತೆಗೆದಿಡಲೂ ಇಲ್ಲ, ಹುಡುಕುವ ನಾಟಕಕ್ಕೂ ಜಾಗವಿಲ್ಲ, ಸ್ವಿಚ್ಚು ಒತ್ತಿದ, ಬುರುಡೆಗಳು ಕೆಂಪೇರಿದವು, ತಟ್ಟೆ ತಿರುಗತೊಡಗಿತು, ಬೆನ್ನು ತಿರುಗಿಸಿಕೊಂಡೇ ಕೇಳಿದ, ನಿಂಗೆ ಕೇಳಿಸ್ತಿತ್ತಾ. ಹ್ಞೂಂ, ಅಂದಳು, ಸಣ್ಣಗೆ ಬರ್ತಿತ್ತು, ಕೂಗಾಕೆ ಹೋದೆ, ಬಾಯಿ ಬರ್ಲಿಲ್ಲ, ಕೇಳ್ತಾ ಬಿದ್ದಿದ್ದೆ. ಅವಳು ಮುಂದಿನ ಮಾತು ಹುಡುಕುವಷ್ಟರಲ್ಲಿ ಇವನೇ ಅಂದುಬಿಟ್ಟ, ಹೇಮಾ, ನಂಗೂ ಕೇಳಿಸಿತ್ತು ಕಣೇ, ನೀನು ಬಿದ್ದಿದ್ದು, ಎಲ್ರಿಗೂ ಸುಳ್ಳು ಹೇಳ್ದೆ, ಕೇಳಿಸಿತ್ತು. ಗೊತ್ತು, ಅಂದಳು. ಗೊತ್ತಾ? ಅದೇ ಸಾಲು ಹಾಕಿದ್ರಲ್ಲ ಮತ್ತೆ ಮತ್ತೆ, ಅಂದಳು, ಒಂದ್ಸಲ ನಿಲ್ತು, ಬರ್ಲಿಲ್ಲ ನೀವು. ಇನ್ನೊಂದ್ಸಲ ನಿಲ್ತು, ಬರ್ಲಿಲ್ಲ. ಮೂರನೇ ಸಲ ನಿಲ್ತಲ್ಲ, ಬಹಳ ಹೊತ್ತು ನಿಲ್ತು, ಆಗ ಬಂದ್ರು ಅಂದ್ಕಂಡೆ, ಎದ್ರು, ಬಾಗಿಲ ಹತ್ರ ಬಂದ್ರು, ಇನ್ನೇನು ಬಂದೇಬಿಟ್ರು ಅಂತ ಬಾಗಿಲ ಕಡೆಗೇ ನೋಡ್ತಿದ್ದೆ. ಅಷ್ಟೇ ಅಂದಳು, ದೂರಿನ ದನಿಯಲ್ಲ, ಹಾಲಿನವನು ತಡವಾಗಿ ಬಂದದ್ದನ್ನು ಹೇಳುವ ದನಿ, ಆಮೇಲಿಂದು ನಂಗೆ ಗೊತ್ತಾಗ್ಲಿಲ್ಲ, ಹಾಕ್ರಿ, ಪೂರ್ತಿ ಕೇಳ್ತೀನಿ. ಹಾಕಬೇಕು. ಬೆರಳು ಸೂಜಿಯ ಕೆಳಗೆ ಹೋಗಿದೆ, ಎತ್ತಿದ್ದಾನೆ, ಇಳಿಸಬೇಕು, ಇಷ್ಟೇ ಇಷ್ಟು ಇಳಿಸಿದರೆ ಆ ಹೆಂಗಸು ಉಸಿರು ಎಳೆದುಕೊಳ್ಳುತ್ತಾಳೆ, ಹಾಡುತ್ತಾಳೆ, ಎಲ್ಲ ಮುಂದಕ್ಕೆ ಹೋಗುತ್ತದೆ, ಇಳಿಸು, ಕೋಣೆ ನಿಶ್ಶಬ್ದ, ಬೆರಳಲ್ಲಿ ಸೂಜಿ, ಗೋಡೆಯಾಚೆ ನೆಲದ ಮೇಲೆ ಒಂದು ಕಣ್ಣು ಬಾಗಿಲ ಕಡೆಗೆ ನೋಡುತ್ತಿದೆ, ಬಂದ್ರು ಅಂದುಕೊಳ್ಳುತ್ತಿದೆ, ಬೆರಳಲ್ಲಿ ಸೂಜಿ, ಎತ್ತಿದ ಸೂಜಿ, ಕೆಳಗೆ ತಟ್ಟೆ ತಿರುಗುತ್ತಿದೆ, ಬಂದ್ರು ಅಂದುಕೊಳ್ಳುತ್ತಿದೆ, ಎತ್ತಿದ ಸೂಜಿ —