ಶಾಹೀನಳ ಸೊನ್ನೆ

ಸೂಜಿ ತೆಗೆದು ಹತ್ತಿ ಒತ್ತುವಷ್ಟರಲ್ಲಿ ಮುದುಕಿ ಶಾಹೀನಳ ಮಣಿಕಟ್ಟು ಹಿಡಿದುಬಿಟ್ಟಳು.

"ಇಲ್ಲೇ ಕುಂದ್ರವ್ವಾ ಒಂದೀಟು."

"ಬರ್ತೇನ್ರಿ ಅಜ್ಜಿ." ಶಾಹೀನ ಬಳೆ ಜಾರಿಸಿದಂತೆ ಕೈ ಜಾರಿಸಿಕೊಂಡಳು.

"ಎದಿ ಮ್ಯಾಲೆ ಏನದು, ತಾಯತ?"

"ಹೂನ್ರಿ."

ತಾಯತವಲ್ಲ, ಕೋಟಿನ ಜೇಬಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಬ್ಯಾಡ್ಜು. ವಿವರಿಸಲು ಒಂದು ನಿಮಿಷ ಬೇಕಾಗುತ್ತಿತ್ತು.

ವಿಕಿರಣದ ಔಷಧಿ ಈಗ ಮುದುಕಿ ರತ್ನವ್ವನ ಮೈ ಸೇರಿತ್ತು. ಇನ್ನೊಂದು ತಾಸು ಆಕೆ ಅಲುಗಾಡದೆ ಒಬ್ಬಳೇ ಮಲಗಿರಬೇಕು. ಆಮೇಲೆ ಯಂತ್ರ ಚಿತ್ರ ತೆಗೆಯುತ್ತದೆ. ಅಷ್ಟು ಹೊತ್ತೂ ಆಕೆಯ ಮೈಯಿಂದ ಕಾಣದ ಕಿರಣಗಳು ಹೊಮ್ಮುತ್ತಿರುತ್ತವೆ. ಆಕೆಗೇನೋ ಒಂದು ಸಲದ್ದು, ಹೆದರುವಂಥದ್ದಲ್ಲ. ದಿನಾ ಹತ್ತು ಜನಕ್ಕೆ ಚುಚ್ಚುವವರು ಹುಷಾರಾಗಿರಬೇಕು. ಅಮ್ಮಿನಬಾವಿಯಿಂದ ಜೊತೆಗೆ ಬಂದ ಮೊಮ್ಮಗನ ಹೆಂಡತಿ ಬಸುರಿ. ಅವಳನ್ನಂತೂ ಹೊರಬಾಗಿಲಲ್ಲೇ ನಿಲ್ಲಿಸಿದ್ದರು.

ಕಡಿಮೆ ಹೊತ್ತು ನಿಲ್ಲು, ದೂರ ನಿಲ್ಲು, ನಡುವೆ ಸೀಸದ ಗೋಡೆ ಇರಲಿ. ಇಷ್ಟೇ ಪಾಠ. ಬೇರೆಯವರು ಇದನ್ನು ಕಲಿಯಲು ಆರು ತಿಂಗಳು ಒದ್ದಾಡುತ್ತಾರೆ. ಶಾಹೀನ ಕಲಿತೇ ಹುಟ್ಟಿದ್ದಳು. ಬೆಂಗೇರಿಯ ಮನೆಗೆ ನೆಂಟರು ಬಂದರೆ ಚಹಾ ಇಟ್ಟು ಎರಡು ನಿಮಿಷದಲ್ಲಿ ಅಡುಗೆಮನೆ ಸೇರುವವಳು. ಮದುವೆಗಳಲ್ಲಿ ಕಂಬದ ಹಿಂದಿನ ಕುರ್ಚಿ ಅವಳದೇ. ವಿದ್ಯಾನಗರದ ಈ ಆಸ್ಪತ್ರೆಯಲ್ಲಿ ಅದೇ ಗುಣಕ್ಕೆ ಸಂಬಳ ಕೊಡುತ್ತಾರೆಂದು ತಿಳಿದ ದಿನ ಅವಳಿಗೆ ನಗು ಬಂದಿತ್ತು.

ಬೆಳಿಗ್ಗೆಯಷ್ಟೇ ಬ್ಯಾಡ್ಜುಗಳ ವರದಿ ಬಂದಿತ್ತು. ತೊಟ್ಟವರಿಗೆ ಎಷ್ಟು ಕಿರಣ ತಾಗಿತೆಂಬುದನ್ನು ಬ್ಯಾಡ್ಜು ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಿ ಓದಿಸುತ್ತಾರೆ. ಎಲ್ಲರಿಗೂ ಏನೋ ಒಂದಿಷ್ಟು. ಶಾಹೀನಳಿಗೆ ಸೊನ್ನೆ. ಸತತ ಐದನೆಯ ಸಲ.

"ನೋಡ್ರಿ, ಹಿಂಗಿರಬೇಕು," ಎಂದು ಸುರಕ್ಷತಾ ಅಧಿಕಾರಿ ಶಿವಯೋಗೀಶ ಹಾಳೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿದಿದ್ದರು. "ಮುಂದಿನ ಸಲಾನೂ ಸೊನ್ನಿ ಬಂತಂದ್ರ, ಹೊಸಬರಿಗೆ ಪಾಠಾ ಹೇಳಾಕ ಶಾಹೀನನ್ನ ಹಾಕೂದು."

"ಸರ, ಆಕಿ ಖರೇನ ಕೆಲಸಕ್ಕ ಬರ್ತಾಳೋ ಇಲ್ಲೋ ಮದ್ಲ ನೋಡ್ರಿ," ಎಂದ ಜೊತೆಯ ಹುಲಗೇಶ. "ಗ್ವಾಡಿಗೆ ಬ್ಯಾಡ್ಜ್ ಹಾಕಿದ್ರೂ ಇದಕ್ಕಿಂತ ಜಾಸ್ತಿ ಬರ್ತಿತ್ತು."

ಎಲ್ಲರೂ ನಕ್ಕರು. ಶಾಹೀನಳೂ ನಕ್ಕಳು. ಆಮೇಲೆ ಮರೆಯಲ್ಲಿ ತನ್ನ ಸೊನ್ನೆಯ ಫೋಟೋ ತೆಗೆದುಕೊಂಡಳು. ಯಾರಿಗೆ ಕಳಿಸಬೇಕೆಂದು ಹೊಳೆಯಲಿಲ್ಲ.

ಈಗ ಗೋಡೆಯ ಈಚೆಗೆ, ಒಳಗಿನ ಖೋಲಿ ತೋರಿಸುವ ಟೀವಿಯ ತೆರೆಯಲ್ಲಿ, ಮುದುಕಿ ಮುದುಡಿಕೊಂಡಿದ್ದಳು.

"ಯವ್ವಾ, ಥಂಡಿ ಹತ್ತಾಕತ್ತೈತಿ." ದನಿ ಮೈಕಿನಲ್ಲಿ ಬಂತು.

"ಮಾತಾಡಬ್ಯಾಡ್ರಿ ಅಜ್ಜಿ. ಸುಮ್ನ ಮಲಕೊಳ್ರಿ."

"ಒಬ್ಬಾಕೀನ ಮಲಗಿ ರೂಢಿ ಇಲ್ಲ ನನಗ. ಒಂದ್ ಕೈ ಅರ ಹಿಡಕೊಂಡ ಕುಂದ್ರ ಬಾರವ್ವಾ."

ಶಾಹೀನ ಕಪಾಟು ತೆರೆದಳು. ಚಾದರಗಳೆಲ್ಲ ಒಗೆಯಲು ಹೋಗಿದ್ದವು. ನಡುಗಿದರೆ ಚಿತ್ರ ಕೆಡುತ್ತದೆ. ತೊಟ್ಟ ಬಿಳಿ ಕೋಟನ್ನೇ ಬಿಚ್ಚಿದಳು. ಒಳಹೋಗಿ, ತೋಳು ಚಾಚಿದಷ್ಟು ದೂರದಿಂದಲೇ ಮುದುಕಿಗೆ ಅದನ್ನು ಹೊದಿಸಿ, ಗಾಳಿಯಂತೆ ಹೊರಬಂದಳು. ಗಡಿಯಾರ ನೋಡಿದಳು: ಎಂಟು ಸೆಕೆಂಡು. ಒಳ್ಳೆಯತನವನ್ನು ಇಷ್ಟು ಬೇಗ ಮುಗಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮನಸ್ಸು ಹಗುರಾಗಿ, ಟೀವಿಯ ದನಿ ತಗ್ಗಿಸಿ, ಮರುದಿನದ ರೋಗಿಗಳ ಪಟ್ಟಿ ಬರೆದಳು. ಅರ್ಧ ತಾಸಿನ ಮೇಲೆ ಹುಲಗೇಶ ಬಾಗಿಲಲ್ಲಿ ತಲೆ ತೂರಿಸಿದ.

"ಗಿರಮಿಟ್ ತಂದೇನಿ, ಊಟದ ಖೋಲ್ಯಾಗ ಐತಿ. ಬರ್ರಿ ಸೊನ್ನಿ ಮೇಡಮ್ಮರ... ಬ್ಯಾಡ್ಜ್ ಎಲ್ಲೈತಿ?"

ಶಾಹೀನ ಎದೆ ಮುಟ್ಟಿಕೊಂಡಳು.

"ಕೋಟಿಗೈತಿ."

"ಕೋಟ್ ಎಲ್ಲೈತಿ?"

ಇಬ್ಬರೂ ಟೀವಿ ನೋಡಿದರು.

"ಹೋತಲ್ಲವಾ ಸೊನ್ನಿ!" ಹುಲಗೇಶ ಹೊಟ್ಟೆ ಹಿಡಿದು ನಕ್ಕ. "ಲಗೂನ ತಗೊಂಬಾ. ಇನ್ನೂ ಅರ್ಧಾ ತಾಸ್ ಬಿಟ್ಟಿ ಅಂದ್ರ ಶಿವಯೋಗೀಶ ಸರ್ ಇಷ್ಟ್ಯಾಕ ಬಂತಂತ ನಿನ್ನ ಮುಂದ ಹಾಳಿ ಹಿಡದ ನಿಂದರ್ತಾರ."

ನಗುತ್ತಲೇ ಹೋದ. ಶಾಹೀನ ಸೀಸದ ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು. ಹೋಗಿ ಎಳೆದುಕೊಂಡರಾಯಿತು, ಎಂಟು ಸೆಕೆಂಡಿನ ಕೆಲಸ. ಆದರೆ ತೆರೆಯಲ್ಲಿ ಮುದುಕಿಯ ತುಟಿ ಅಲ್ಲಾಡುತ್ತಿತ್ತು. ಶಾಹೀನ ಇನ್ನೊಂದು ಕೈಯಿಂದ ದನಿ ಏರಿಸಿದಳು.

"...ಬಂದೆಲ್ಲಾ, ಛಲೋ ಆತು. ಕೈ ಯಾಕವ್ವಾ ಇಷ್ಟ ತಣ್ಣಗೈತಿ?"

ಕಣ್ಣು ಮುಚ್ಚಿತ್ತು. ಕೋಟಿನ ಒಂದು ತೋಳನ್ನು, ಕೈ ಹೊರಬರಬೇಕಾದ ಕಡೆ, ರತ್ನವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ತಿಕ್ಕುತ್ತಿದ್ದಳು.

ಕೋಟು ಬೇಕೆಂದರೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಎಂಟು ಸೆಕೆಂಡಿನಲ್ಲಿ ಆಗುವಂಥದ್ದಲ್ಲ. ಬಾಗಿಲಿನ ಹಿಡಿಕೆ ಶಾಹೀನಳ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು. ಅವಳು ಒತ್ತಲಿಲ್ಲ, ಬಿಡಲೂ ಇಲ್ಲ.

ತೆರೆಯಲ್ಲಿ ಬಿಳಿ ಕೋಟು ಯಾವ ಅವಸರವೂ ಇಲ್ಲದೆ ಮುದುಕಿಗೆ ಒತ್ತಿಕೊಂಡು ಮಲಗಿತ್ತು. ಅದರ ಎದೆಯ ಮೇಲೆ ಬ್ಯಾಡ್ಜು, ಬ್ಯಾಡ್ಜಿನ ಮೇಲೆ ಶಾಹೀನಳ ಹೆಸರು.